ಮುರ್ಸಿ ಎಂದರೆ ತುಟಿಯ ಬಿಲ್ಲೆ ಮಾತ್ರವಲ್ಲ

ಮಾನ್ಯ ಸಂಪಾದಕರೇ,

ಇಥಿಯೋಪಿಯಾದ ಓಮೊ ಕಣಿವೆ ಎಂದರೆ ಪಾಶ್ಚಾತ್ಯ ಪ್ರವಾಸ ಪತ್ರಿಕೆ, ಚಾನೆಲ್‌ಗಳಿಗೆ ಕೆಳತುಟಿಯಲ್ಲಿ ಮಣ್ಣಿನ ಬಿಲ್ಲೆ ಧರಿಸಿದ ಮುರ್ಸಿ ಬುಡಕಟ್ಟಿನ ಹೆಂಗಸಿನ ಮುಖವಷ್ಟೇ. ಅದೇ ಚಿತ್ರಗಳು ನಮ್ಮ ಪುರವಣಿಗಳಿಗೂ ಬರುವುದರಿಂದ ಈ ಪತ್ರ.

ಹುಡುಗಿಗೆ 15–16 ವರ್ಷವಾದಾಗ ತಾಯಿಯೋ ಇನ್ನೊಬ್ಬ ಹೆಂಗಸೋ ಕೆಳತುಟಿ ಸೀಳಿ, ಗಾಯ ಮಾಯುವವರೆಗೆ ಮರದ ಬೆಣೆ ಇಡುತ್ತಾರೆ. ಆಮೇಲೆ ತಿಂಗಳುಗಟ್ಟಲೆ ಒಂದಕ್ಕಿಂತ ಒಂದು ದಪ್ಪನೆಯ ಬೆಣೆ, ಕೊನೆಗೆ ಬಿಲ್ಲೆ. ಎಷ್ಟು ಹಿಗ್ಗಿಸಬೇಕೆಂಬುದು ಹುಡುಗಿಯದೇ ತೀರ್ಮಾನ. ಗಂಡನಿಗೆ ಊಟ ಬಡಿಸುವಾಗ, ಹಾಲು ಕರೆಯುವಾಗ, ಮದುವೆ-ಕುಣಿತಗಳಲ್ಲಿ ಧರಿಸುತ್ತಾರೆ, ದಿನವಿಡೀ ಅಲ್ಲ. ಗುಲಾಮರ ವ್ಯಾಪಾರಿಗಳಿಂದ ತಪ್ಪಿಸಿಕೊಳ್ಳಲು ವಿರೂಪ ಮಾಡಿಕೊಂಡರೆಂಬ ಕಥೆಗೆ ಆಧಾರವಿಲ್ಲ. ಅವರಿಗದು ಪ್ರಾಯಕ್ಕೆ ಬಂದ ಹೆಮ್ಮೆಯ ಗುರುತು.

ಪ್ರವಾಸಿಗಳ ಜೀಪು ನಿಲ್ಲುವುದು ಸ್ವಲ್ಪ ಹೊತ್ತು, ಹಣ ಸಿಗುವುದು ಕ್ಲಿಕ್ಕಿನ ಲೆಕ್ಕದಲ್ಲಿ. ಹಾಗಾಗಿ ಕ್ಯಾಮೆರಾದ ಕಣ್ಣಿಗೆ ಬೀಳಲೆಂದೇ ಕೆಲವರು ತಲೆಗೆ ಕೊಂಬು, ಬುಟ್ಟಿ ಏರಿಸಿ ನಿಲ್ಲುತ್ತಾರೆ. ಆ ವೇಷವೇ ‘ಪ್ರಾಚೀನ ಸಂಪ್ರದಾಯ’ ಎಂದು ಅಚ್ಚಾಗುತ್ತದೆ. ಕೈ ಬದಲಾದ ನೋಟು ಮಾತ್ರ ಚಿತ್ರದಲ್ಲಿಲ್ಲ.

ಚಿತ್ರದಲ್ಲಿಲ್ಲದ ಇನ್ನೊಂದು, ನದಿ. ಓಮೊ ನೆರೆ ಇಳಿದ ಮೇಲೆ ದಂಡೆಯ ಮೆಕ್ಕಲಿನಲ್ಲಿ ಅವರು ಜೋಳ ಬಿತ್ತುತ್ತಿದ್ದರು, ನಮ್ಮ ಹಿಂಗಾರಿ ಜೋಳದಂತೆ ನೆಲದ ತೇವವನ್ನೇ ನಂಬಿ. 2016ರಲ್ಲಿ ಉದ್ಘಾಟನೆಯಾದ ಗಿಬೆ-3 ಅಣೆಕಟ್ಟು ಆ ನೆರೆಯನ್ನೇ ನಿಲ್ಲಿಸಿತು. ಕೆಳಗಿನ ಬಯಲಿಗೆ ಸರ್ಕಾರಿ ಕಬ್ಬಿನ ತೋಟ ಬಂತು. ‘ಕಾಲ ನಿಂತುಹೋದ ಜನ’ ಎಂಬ ಅಡಿಬರಹ ಇಂಥವರ ಚಿತ್ರದ ಕೆಳಗೆ ಶುದ್ಧ ಸುಳ್ಳು.

ಇಂಥ ಚಿತ್ರ ಅಚ್ಚು ಹಾಕುವಾಗ ಜನಾಂಗದ ಹೆಸರು, ಊರು, ವರ್ಷ, ಹಣ ಕೊಟ್ಟು ತೆಗೆದದ್ದೇ ಎಂಬುದನ್ನು ದಯವಿಟ್ಟು ನಮೂದಿಸಿ.

— ಓದುಗರು