ಶನಿವಾರದ ಆಟ: ಆರು ಜನ ಬೇಕು

ಎಲ್ಲರಿಗೂ ನಮಸ್ಕಾರ.

ಈ ಶನಿವಾರ ಸಂಜೆ 6ಕ್ಕೆ ನಮ್ಮ ಲಂಡನ್ ಗುಂಪಿನ ಆಟದ ಸಂಜೆ. ಅಂತ್ಯಾಕ್ಷರಿ ಸಾಕಾಯ್ತು ಅಲ್ವಾ? ಈ ಸಲ ಬಿಬಿಸಿಯ ‘ಬ್ಲ್ಯಾಂಕೆಟಿ ಬ್ಲ್ಯಾಂಕ್’ ಆಡೋಣ.

ಇಲ್ಲಿಗೆ ಹೊಸದಾಗಿ ಬಂದವರಿಗೆ: ಇದು 1979ರಲ್ಲಿ ಶುರುವಾದ ಟಿವಿ ಶೋ. ಮೂಲ ಅಮೆರಿಕದ ‘ಮ್ಯಾಚ್ ಗೇಮ್’. ಮೊದಲು ಟೆರಿ ವೋಗನ್, ಆಮೇಲೆ ಲೆಸ್ ಡಾಸನ್, ಲಿಲಿ ಸ್ಯಾವೇಜ್ ನಡೆಸಿಕೊಟ್ಟರು. 2020ರ ಕ್ರಿಸ್ಮಸ್‌ಗೆ ಬ್ರಾಡ್ಲಿ ವಾಲ್ಶ್ ಬಂದರು. ವೋಗನ್ ಕೈಯಲ್ಲಿದ್ದ ಕಡ್ಡಿಯಂಥ ಮೈಕನ್ನು ಹಾಸ್ಯನಟ ಕೆನ್ನಿ ಎವರೆಟ್ ಬಗ್ಗಿಸಿದ್ದು ನೋಡಿದರೆ ಈಗಲೂ ನಗು ಬರುತ್ತೆ. ಸೋತವರಿಗೆ ಸಿಗುತ್ತಿದ್ದದ್ದು ಚೆಕ್‌ಬುಕ್ಕು, ಪೆನ್ನು. ಡಾಸನ್ ಆ ಬಹುಮಾನವನ್ನೇ ಗೇಲಿ ಮಾಡುತ್ತಿದ್ದರು!

ಆಟ ಸುಲಭ. ಬಿಟ್ಟ ಸ್ಥಳವಿರುವ ವಾಕ್ಯ ಓದುತ್ತೇವೆ: ‘ಅಜ್ಜಿ ಸೂಟ್‌ಕೇಸ್ ತುಂಬ ____ ತಂದರು.’ ಆರು ‘ಸೆಲೆಬ್ರಿಟಿ’ಗಳು ಗುಟ್ಟಾಗಿ ಉತ್ತರ ಬರೆಯುತ್ತಾರೆ. ಆಟಗಾರರು ತಮ್ಮ ಉತ್ತರ ಹೇಳುತ್ತಾರೆ. ಎಷ್ಟು ಜನರದ್ದು ಹೊಂದುತ್ತೋ ಅಷ್ಟು ಅಂಕ. ಕೊನೆಯ ‘ಸೂಪರ್‌ಮ್ಯಾಚ್’ನಲ್ಲಿ ಜನ ಜಾಸ್ತಿ ಕೊಟ್ಟ ಉತ್ತರ ಊಹಿಸಬೇಕು. ಅದಕ್ಕೆ ನಾಳೆ ಮೂರು ವಾಕ್ಯ ಹಾಕುತ್ತೇನೆ. ಉತ್ತರ ನನಗೆ ಮಾತ್ರ ಕಳಿಸಿ, ದಯವಿಟ್ಟು ಇಲ್ಲಿ ಬೇಡ.

ಸೆಲೆಬ್ರಿಟಿ ಆಗುವವರು ಗುರುವಾರದೊಳಗೆ ಹೆಸರು ಕೊಡಿ. ದಪ್ಪ ಮಾರ್ಕರ್ ಪೆನ್ ಇದ್ದರೆ ತನ್ನಿ.