ಗಣಪತಿ ರಜೆಯ ಹೋಂವರ್ಕ್: ಟೀಚರ್‌ಗಳ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಪ್ರಶ್ನೋತ್ತರವನ್ನು ಐದೈದು ಸಲ ಬರೆಸುವುದು ಈ ಸಲ ಬೇಡ. ಮಕ್ಕಳು ಟಿವಿ ಮುಂದೆ ಕೂತು ಬರೆದು ಮುಗಿಸುತ್ತಾರೆ, ನಾವು ಸುಮ್ನೆ ಟಿಕ್ ಹಾಕುತ್ತೇವೆ. ಅಷ್ಟೇ ಅಲ್ವಾ?

ಬದಲಿಗೆ, ಐದನೇ ಕ್ಲಾಸಿನವರು ಮನೆಯ ಮೂರು ತಿಂಗಳ ಲೈಟ್ ಬಿಲ್ ಹೋಲಿಸಲಿ. ಯಾವ ತಿಂಗಳು ಯೂನಿಟ್ ಜಾಸ್ತಿ, ಯಾಕೆ ಅಂತ ಎರಡು ಸಾಲು ಬರೆಯಲಿ. ಏಳನೆಯವರು ಡೊಂಬಿವಲಿಯಿಂದ ಮುಂಬೈನ ಸಿಎಸ್‌ಎಂಟಿ ಸ್ಟೇಷನ್ನಿಗೆ ಹೋಗುವ ಸ್ಲೋ, ಫಾಸ್ಟ್ ಲೋಕಲ್ ರೈಲುಗಳ ಟೈಮ್ ನೋಡಿ ವ್ಯತ್ಯಾಸ ಲೆಕ್ಕ ಹಾಕಲಿ. ಕನ್ನಡಕ್ಕೆ, ಊರಿನ ಅಜ್ಜಿಗೋ ದೊಡ್ಡಮ್ಮನಿಗೋ ಫೋನ್ ಮಾಡಿ ಅಲ್ಲಿನ ಚೌತಿ ಅಡುಗೆ ಕೇಳಿ ಬರೆಯಲಿ. ಕಾಗುಣಿತ ತಪ್ಪಿದರೂ ಪರವಾಗಿಲ್ಲ. ಪುಟವನ್ನೆಲ್ಲ ಕೆಂಪು ಮಾಡಬೇಡಿ.

ಕೇಂದ್ರ ಸರ್ಕಾರದ 2020ರ ಸ್ಕೂಲ್ ಬ್ಯಾಗ್ ನೀತಿಯ ಪ್ರಕಾರ ಎರಡನೇ ಕ್ಲಾಸಿನವರೆಗೆ ಹೋಂವರ್ಕೇ ಇಲ್ಲ. 3ರಿಂದ 5ಕ್ಕೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ, 6ರಿಂದ 8ಕ್ಕೆ ದಿನಕ್ಕೆ 1 ಗಂಟೆ.

ಅಪ್ಪ ಅಮ್ಮ ಇಬ್ಬರೂ ರಾತ್ರಿ ಲೋಕಲ್ ಇಳಿದು ಬರುವ ಮನೆಗಳೇ ನಮ್ಮಲ್ಲಿ ಜಾಸ್ತಿ. ದೊಡ್ಡವರೇ ಮಾಡಿಕೊಡಬೇಕಾದ ಚಾರ್ಟು, ಥರ್ಮಾಕೋಲ್ ಮಾಡೆಲ್ ದಯವಿಟ್ಟು ಕೊಡಬೇಡಿ. (ಅದರಲ್ಲಿ ಮಾರ್ಕ್ಸ್ ಸಿಗುವುದು ಸ್ಟೇಷನರಿ ಅಂಗಡಿಗೆ!)

ರಜೆ ಮುಗಿದ ಮೇಲೆ ಒಂದು ಪಿರಿಯಡ್ ಬಿಟ್ಟುಕೊಡಿ, ಬರೆದದ್ದನ್ನು ಮಕ್ಕಳೇ ಓದಲಿ. ನಿಮ್ಮ ಕ್ಲಾಸಿನ ಪ್ರಶ್ನೆಗಳನ್ನು ಗುರುವಾರದೊಳಗೆ ಇಲ್ಲಿ ಹಾಕಿ.