ನೀಲಿ ಪಾಸ್‌ಪೋರ್ಟಿನ ವಿಷಯ

ವಿಲ್ನಿಯಸ್, ಲಿಥುವೇನಿಯ

ತೀರ್ಥರೂಪು ಅಪ್ಪಾಜಿಯವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಕ್ಷೇಮ. ದುರ್ಗದಲ್ಲಿ ನೀವೂ ಅಮ್ಮನೂ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ.

ಮೊನ್ನೆ ಫೋನಿನಲ್ಲಿ ನನ್ನ ರೂಮಿನ ಬೆಲಾರೂಸ್ ಹುಡುಗಿಯ ಸಂಗತಿ ಕೇಳಿ ನೀವು ಒಂದು ಮಾತು ಅಂದಿರಿ. "ಆ ಸರ್ಕಾರವೇ ಬೇಡ ಅಂದಮೇಲೆ ಅದರ ಪಾಸ್‌ಪೋರ್ಟ್ ಯಾಕೆ ಅವಳಿಗೆ? ಬಿಸಾಕಿ ಅಲ್ಲಿಯದೇ ತಗೊಳ್ಳಲಿ." ಅಷ್ಟರಲ್ಲಿ ಲೈನ್ ಕಟ್ಟಾಯಿತು. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅಂತ ಬರೆಯಲು ಕೂತೆ.

ಬೆಲಾರೂಸಿನ ಗಡಿ ಇಲ್ಲಿಂದ ಸುಮಾರು 30 ಕಿ.ಮೀ. ನಮ್ಮೂರಿಂದ ಹೊಳಲ್ಕೆರೆಗೆ ಹೋದಷ್ಟು ದೂರ. ಆದರೆ ಅವಳಿಗೆ ಅಲ್ಲಿಗೆ ಹೋಗುವ ಹಾಗಿಲ್ಲ. ಲುಕಶೆಂಕೊ 1994ರಿಂದ ಅಲ್ಲಿ ಅಧ್ಯಕ್ಷ. 2020ರ ಆಗಸ್ಟ್‌ನಲ್ಲಿ ಚುನಾವಣೆ ಆಯಿತು, ಶೇ. 80ರಷ್ಟು ಮತ ತನಗೇ ಬಿತ್ತು ಅಂದ. ಜನ ನಂಬಲಿಲ್ಲ, ಬೀದಿಗೆ ಇಳಿದರು. ಯುರೋಪಿನ ಒಕ್ಕೂಟವೂ ಆ ಫಲಿತಾಂಶ ಒಪ್ಪಲಿಲ್ಲ. ಇವಳೂ ಬಿಳಿ-ಕೆಂಪು-ಬಿಳಿ ಬಾವುಟ ಹಿಡಿದು ಮೆರವಣಿಗೆಗೆ ಹೋದವಳು. ತಮಾಷೆ ನೋಡಿ, 1991ರಿಂದ 1995ರವರೆಗೆ ಅದೇ ಆ ದೇಶದ ಅಧಿಕೃತ ಬಾವುಟ. ಈಗ ಅದನ್ನು ಕಿಟಕಿಗೆ ಕಟ್ಟಿದರೂ ಪೊಲೀಸರು ಎಳೆದುಕೊಂಡು ಹೋಗುತ್ತಾರೆ.

2023ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಆದೇಶ ಬಂತು. ಹೊರದೇಶಗಳಲ್ಲಿರುವ ಬೆಲಾರೂಸಿನ ರಾಯಭಾರ ಕಚೇರಿಗಳು ಇನ್ನು ಪಾಸ್‌ಪೋರ್ಟ್ ಕೊಡುವುದಿಲ್ಲ, ನವೀಕರಿಸುವುದೂ ಇಲ್ಲ. ಬೇಕಾದವರು ಊರಿಗೇ ಬರಬೇಕು. ಹಾಗೆ ಹೋದವರಲ್ಲಿ ಕೆಲವರನ್ನು ಹಿಡಿದು ಒಳಗೆ ಹಾಕಿದ್ದೂ ಉಂಟು. ಇವಳ ಪಾಸ್‌ಪೋರ್ಟ್ ಅವಧಿ ಮುಗಿಯುತ್ತಾ ಬಂದಿದೆ.

ಆ ಪಾಸ್‌ಪೋರ್ಟನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ನೀಲಿ ರಟ್ಟು, ಮೂಲೆಗಳು ಸವೆದಿವೆ. ಒಳಗೊಂದು ಪುಟದಲ್ಲಿ ಮನೆ ವಿಳಾಸದ ಸೀಲು. ಅಲ್ಲಿ ಯಾವ ವಿಳಾಸದಲ್ಲಿ ವಾಸ ಅನ್ನುವುದನ್ನು ಪಾಸ್‌ಪೋರ್ಟಿನಲ್ಲೇ ಒತ್ತುತ್ತಾರೆ. ಬೀದಿ, ಮನೆ ನಂಬರು, ಫ್ಲ್ಯಾಟ್ ನಂಬರು. ಅವಳಮ್ಮ ಈಗಲೂ ಅದೇ ಫ್ಲ್ಯಾಟಿನಲ್ಲಿದ್ದಾರೆ. "ಇದರಲ್ಲಿ ಲುಕಶೆಂಕೊ ಎಲ್ಲಿದ್ದಾನೆ ತೋರಿಸು" ಅಂತಾಳೆ.

ಅಪ್ಪಾಜಿ, ನೀವು ತಾಲ್ಲೂಕು ಕಚೇರಿಯಲ್ಲಿ ಸವೆದವರು. ಎಷ್ಟು ಸರ್ಕಾರ ಬಂದವು, ಹೋದವು, ಪಹಣಿಯಲ್ಲಿ ರೈತನ ಹೆಸರು ಅಳಿಸಿದರಾ? ನಮ್ಮ ತುರುವನೂರಿನದನ್ನೇ ತಗೊಳ್ಳಿ. 1939ರಲ್ಲಿ ಅಲ್ಲಿ ಈಚಲು ಮರ ಕಡಿದು ಮಹಾರಾಜರ ಸರ್ಕಾರದ ಕಾನೂನು ಮುರಿದರು. ನಿಜಲಿಂಗಪ್ಪನವರು ಜೈಲಿಗೆ ಹೋದರು. ಅವರನ್ನು ಯಾರಾದರೂ ಮೈಸೂರು ಸೀಮೆಯವರಲ್ಲ ಅಂದರಾ? 1956ರಲ್ಲಿ ಅವರೇ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ಈ ಕಥೆ ನನಗೆ ಹೇಳಿದವರೇ ನೀವು!

ಈ ಲಿಥುವೇನಿಯದ್ದು ಇನ್ನೂ ಸ್ವಾರಸ್ಯ. 1940ರಲ್ಲಿ ಸೋವಿಯತ್ ಒಕ್ಕೂಟ ಇದನ್ನು ನುಂಗಿತು. ಅಮೆರಿಕ ಒಪ್ಪಲಿಲ್ಲ. ವಾಷಿಂಗ್ಟನ್ನಿನಲ್ಲಿದ್ದ ಲಿಥುವೇನಿಯದ ಕಚೇರಿ ಬಾಗಿಲು ಹಾಕಲೂ ಇಲ್ಲ. ಭೂಪಟದಲ್ಲೇ ಇಲ್ಲದ ದೇಶಕ್ಕೆ 50 ವರ್ಷ ಪಾಸ್‌ಪೋರ್ಟ್ ಕೊಡುತ್ತಾ ಕೂತರು! ಅವತ್ತು ಅವರನ್ನು ಹುಚ್ಚರು ಅಂದವರು ಜಾಸ್ತಿ ಇದ್ದಿರಬೇಕು. 1990ರ ಮಾರ್ಚ್ 11ರಂದು ಇಲ್ಲಿಯವರು ಹೊಸ ದೇಶ ಕಟ್ಟುತ್ತೇವೆ ಅನ್ನಲಿಲ್ಲ, ಹಳೆಯದನ್ನೇ ಮುಂದುವರಿಸುತ್ತೇವೆ ಅಂದರು.

ಹಾಗಂತ ನಿಮ್ಮ ಮಾತು ಪೂರ್ತಿ ತಪ್ಪು ಅಂತಲ್ಲ. ಇವಳ ಸ್ನೇಹಿತರಲ್ಲೇ ಈ ಜಗಳ ಇದೆ. ಬೆಲಾರೂಸ್ ಪಾಸ್‌ಪೋರ್ಟಿಗೆ ಅಂತ ಫೀಸು ಕಟ್ಟಿದರೆ ಲುಕಶೆಂಕೊ ಸರ್ಕಾರಕ್ಕೇ ದುಡ್ಡು ಕೊಟ್ಟ ಹಾಗೆ ಅಂತಾರೆ ಕೆಲವರು. ಹೊರಗಿರುವ ವಿರೋಧ ಪಕ್ಷದವರು "ಹೊಸ ಬೆಲಾರೂಸ್ ಪಾಸ್‌ಪೋರ್ಟ್" ಅಂತ ಒಂದನ್ನು ಮಾಡಲು ಹೊರಟಿದ್ದಾರೆ. ನನಗೇನೋ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಏರ್‌ಪೋರ್ಟಿನ ಗಾಜಿನ ಹಿಂದೆ ಕೂತವನು ಒಪ್ಪದಿದ್ದರೆ ಅದನ್ನು ಇಟ್ಟುಕೊಂಡು ಏನು ಮಾಡುವುದು?

ಇಲ್ಲಿಯದೇ ತಗೊಳ್ಳಲಿ ಅಂದಿರಲ್ಲ, ಪೌರತ್ವ ಸಿಗಲು ಸಾಮಾನ್ಯವಾಗಿ 10 ವರ್ಷ ಇಲ್ಲಿ ವಾಸ ಇರಬೇಕು. ಸದ್ಯಕ್ಕೆ ಇರುವ ದಾರಿ ಒಂದೇ. ತನ್ನ ದೇಶದ ಪಾಸ್‌ಪೋರ್ಟ್ ಪಡೆಯಲಾಗದವರಿಗೆ ಲಿಥುವೇನಿಯ ವಿದೇಶಿಯರ ಪಾಸ್‌ಪೋರ್ಟ್ ಕೊಡುತ್ತದೆ. ಅವಳು ಅದಕ್ಕೆ ಅರ್ಜಿ ಹಾಕಿದ್ದಾಳೆ. ಓಡಾಡಲು ಸಾಕು, ಆದರೆ ಇಲ್ಲಿಯ ಪ್ರಜೆ ಆದ ಹಾಗಲ್ಲ. ಅದು ಕೈಗೆ ಬಂದರೂ ನೀಲಿಯದನ್ನು ಬಿಸಾಕಲ್ಲ ಅಂತಾಳೆ. ಬಿಸಾಕಿದರೆ ದೇಶವನ್ನೂ ಲುಕಶೆಂಕೊ ಹೆಸರಿಗೇ ಖಾತೆ ಮಾಡಿಕೊಟ್ಟ ಹಾಗೆ ಅಲ್ವಾ ಅನ್ನುವುದು ಅವಳ ವಾದ. ನನಗೂ ಸರಿ ಅನ್ನಿಸಿತು. ಹೊರದೇಶದಲ್ಲಿರುವ ವಿರೋಧಿಗಳ ಪೌರತ್ವವನ್ನೇ ಕಿತ್ತುಕೊಳ್ಳಲು 2023ರಲ್ಲಿ ಅಲ್ಲಿ ಕಾನೂನು ಬೇರೆ ಬಂದಿದೆ. ಹುಟ್ಟಿನಿಂದ ಬಂದ ಪೌರತ್ವವೂ ಅದಕ್ಕೆ ಹೊರತಲ್ಲ. ಅವನು ಕಿತ್ತುಕೊಳ್ಳಲು ಕಾದಿರುವುದನ್ನು ನಾನೇ ಯಾಕೆ ಕೊಡಲಿ ಅಂತ ಕೇಳಿದರೆ ಏನು ಹೇಳುವುದು?

ಅಮ್ಮನಿಗೆ ಹೇಳಿ, ಊಟಕ್ಕೆ ತೊಂದರೆ ಇಲ್ಲ. ಇವಳು ಆಲೂಗಡ್ಡೆ ತುರಿದು ದೋಸೆ ಥರ ಬೇಯಿಸುತ್ತಾಳೆ. ಚಟ್ನಿಪುಡಿ ಜೊತೆ ಚೆನ್ನಾಗಿ ಹೋಗುತ್ತದೆ. ಪುಡಿ ಮುಗಿಯುತ್ತಾ ಬಂತು.

ನಿಮ್ಮಿಂದ ಒಂದು ಕೆಲಸ ಆಗಬೇಕು. ವೋಟರ್ ಲಿಸ್ಟಿನಲ್ಲಿ ನನ್ನ ಹೆಸರು ಇದೆಯಾ ನೋಡಿ. ಹೊರದೇಶದಲ್ಲಿರುವವರು ಫಾರಂ 6ಎ ತುಂಬಬೇಕು, ನಾನು ಆನ್‌ಲೈನಿನಲ್ಲಿ ಹಾಕುತ್ತೇನೆ. ವೋಟು ಹಾಕಲು ಮಾತ್ರ ಪಾಸ್‌ಪೋರ್ಟ್ ಹಿಡಿದು ಖುದ್ದು ಬರಬೇಕಂತೆ. ಟಿಕೆಟ್ ರೇಟು ನೆನೆದರೆ ಎದೆ ಧಸಕ್ಕೆನ್ನುತ್ತದೆ. ಬೆಲಾರೂಸಿನ 2024ರ ಚುನಾವಣೆಗೂ 2025ರದಕ್ಕೂ ಹೊರದೇಶದಲ್ಲಿ ಒಂದು ಮತಗಟ್ಟೆಯನ್ನೂ ತೆರೆಯಲಿಲ್ಲ. ನನಗೆ ಬರುವ ದಾರಿಯಾದರೂ ಇದೆ. ಹೆಸರು ಬಿಟ್ಟುಹೋಗಿದ್ದರೆ ಬೇಗ ತಿಳಿಸಿ, ಹಳೇ ವಿಳಾಸವನ್ನೇ ಕೊಡಬೇಕಾ ಅಂತಲೂ ವಿಚಾರಿಸಿ.

ನಿಮ್ಮ ಪ್ರೀತಿಯ ಮಗಳು